ಕೆಥೆಡ್ರಲ್ ಒಳಗಿನ ಚಾಪೆಲ್‌ಗಳನ್ನು ನೋಡುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

ಪ್ಯಾರಿಸ್‌ನ ನೋತ್ರ್ ದಾಮ್ ಕೆಥೆಡ್ರಲ್‌ನಲ್ಲಿ (ಬಿಷಪ್ ಪೀಠವಿರುವ ಚರ್ಚ್) 29 ಚಾಪೆಲ್‌ಗಳಿವೆ, ಅಂದರೆ ಒಳಗೇ ಇರುವ ಪುಟ್ಟ ಪ್ರಾರ್ಥನಾ ಕೋಣೆಗಳು. ಒಂದೊಂದಕ್ಕೆ ಹದಿನೈದೇ ನಿಮಿಷ ಕೊಟ್ಟರೂ ಏಳೂಕಾಲು ಗಂಟೆ ಬೇಕು. ಅಷ್ಟು ಹೊತ್ತು ಯಾರ ಕಾಲೂ ನಿಲ್ಲುವುದಿಲ್ಲ, ಯಾರ ಕತ್ತೂ ತಾಳುವುದಿಲ್ಲ. ಹೀಗಾಗಿ ಬಹಳ ಮಂದಿ ನಡುವಿನ ಹಜಾರದಲ್ಲಿ ತಲೆಯೆತ್ತಿ ಛಾವಣಿ ನೋಡುತ್ತಾರೆ, ಪಕ್ಕದ ಗೂಡುಗಳತ್ತ ಒಂದಿಷ್ಟು ಕಣ್ಣು ಹಾಯಿಸಿ ಹೊರಗೆ ಬಂದುಬಿಡುತ್ತಾರೆ. ಎರಡು ಸುತ್ತು ಹಾಕಿ, ಮೊದಲ ಸುತ್ತಿನಲ್ಲಿ ಆರಿಸಿ, ಎರಡನೆಯದರಲ್ಲಿ ಐದಾರನ್ನು ಮಾತ್ರ ಕೂಲಂಕಷವಾಗಿ ನೋಡುವುದು ಇದಕ್ಕಿಂತ ಒಳ್ಳೆಯ ದಾರಿ. ಇಲ್ಲಿ ಹೇಳುವುದು ಆ ಕ್ರಮವನ್ನೇ.

ನೋಡುವಾಗ ಒಂದು ವಿಷಯ ಗಮನದಲ್ಲಿರಲಿ. ದೊಡ್ಡ ಹಜಾರ ಧರ್ಮಾಧ್ಯಕ್ಷರದ್ದು (ಬಿಷಪ್), ಇಡೀ ಊರಿನದ್ದು. ಚಾಪೆಲ್ ಹಾಗಲ್ಲ, ಅದು ಯಾರೋ ಒಬ್ಬರದ್ದು: ಒಂದು ಮನೆತನದ್ದು, ಒಂದು ಕಸುಬಿನವರ ಸಂಘದ್ದು, ಸತ್ತ ಒಬ್ಬ ಧರ್ಮಾಧ್ಯಕ್ಷರದ್ದು. ಹಣ ಕೊಟ್ಟವರು ಯಾರು, ಯಾರ ಆತ್ಮಕ್ಕಾಗಿ ಕೊಟ್ಟರು, ಯಾವಾಗ ಕೊಟ್ಟರು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಹೆಚ್ಚಾಗಿ ಆ ನಾಲ್ಕು ಗೋಡೆಗಳೊಳಗೇ ಇರುತ್ತದೆ.

ಮೊದಲು ನಕ್ಷೆ ಓದಿಕೊಳ್ಳಿ

ಹೋಗುವ ಮುನ್ನ ಕೆಥೆಡ್ರಲ್‌ನ ನೆಲನಕ್ಷೆಯನ್ನು ಹುಡುಕಿ ಹತ್ತು ನಿಮಿಷ ನೋಡಿ. ಹಳೆಯ ಕೆಥೆಡ್ರಲ್‌ಗಳು ಬಹುತೇಕ ಶಿಲುಬೆಯಾಕಾರದಲ್ಲಿವೆ. ಮುಖ್ಯ ಬಾಗಿಲು ಪಶ್ಚಿಮಕ್ಕಿದ್ದು, ಪ್ರಧಾನ ಬಲಿಪೀಠ (ಪೂಜೆ ಅರ್ಪಿಸುವ ಮೇಜು) ಪೂರ್ವದ ತುದಿಯಲ್ಲಿರುತ್ತದೆ. ಬಲಿಪೀಠಕ್ಕೆ ಮುಖ ಮಾಡಿ ನಿಂತರೆ ಎಡಗೈ ಉತ್ತರ, ಬಲಗೈ ದಕ್ಷಿಣ. ಮಾರ್ಗದರ್ಶಿ ಪುಸ್ತಕಗಳು ‘ಉತ್ತರದ ಮೂರನೆಯ ಚಾಪೆಲ್’ ಎಂದೇ ಬರೆಯುವುದರಿಂದ ಇದು ತಿಳಿದಿರಬೇಕು.

ಚಾಪೆಲ್‌ಗಳು ಸಾಮಾನ್ಯವಾಗಿ ನಾಲ್ಕು ಕಡೆ ಸಿಗುತ್ತವೆ. ಮೊದಲನೆಯದು ಪೂರ್ವದ ತುದಿ. ಅಲ್ಲಿ ಪ್ರಧಾನ ಬಲಿಪೀಠದ ಹಿಂದೆ ಅರ್ಧವೃತ್ತದ ಸುತ್ತುದಾರಿ ಇದ್ದು, ಅದರ ಹೊರಗೋಡೆಗೆ ಹೂವಿನ ಎಸಳಿನಂತೆ ಚಾಪೆಲ್‌ಗಳು ಅಂಟಿಕೊಂಡಿರುತ್ತವೆ. ಫ್ರಾನ್ಸಿನ ಆಮಿಯಾದಲ್ಲಿ (ಕಟ್ಟಡದ ಆರಂಭ 1220) ಇಂಥವು ಏಳು. ಜರ್ಮನಿಯ ಕಲೋನ್‌ನಲ್ಲಿ (ಆರಂಭ 1248) ಕೂಡ ಏಳು. ಸಂತರ ಅವಶೇಷಗಳನ್ನು ನೋಡಲು ಬರುವ ಯಾತ್ರಿಕರು ಬಲಿಪೂಜೆಗೆ (ರೊಟ್ಟಿ, ದ್ರಾಕ್ಷಾರಸ ಅರ್ಪಿಸುವ ಕ್ರೈಸ್ತ ಪೂಜೆ) ಅಡ್ಡಿಯಾಗದಂತೆ ಹಿಂದಿನಿಂದ ಸುತ್ತಿ ಹೋಗಲು ಈ ಏರ್ಪಾಡು ಅನುಕೂಲ. ನಟ್ಟನಡುವಿನ ಚಾಪೆಲ್ ಉಳಿದವುಗಳಿಗಿಂತ ಉದ್ದವಾಗಿದ್ದರೆ ಅದು ಬಹುಮಟ್ಟಿಗೆ ಮಾತೆ ಮರಿಯಳದ್ದು. ಇಂಗ್ಲೆಂಡಿನಲ್ಲಿ ಇದನ್ನು ಲೇಡಿ ಚಾಪೆಲ್ ಎನ್ನುತ್ತಾರೆ.

ಎರಡನೆಯದು ಹಜಾರದ ಪಕ್ಕದ ಗೋಡೆಗಳು. ಗೋಡೆಗೆ ಹೊರಗಿನಿಂದ ಒತ್ತು ಕೊಡುವ ಬಟ್ರೆಸ್ ಎಂಬ ಆಸರೆಗಳ ನಡುವೆ ಖಾಲಿ ಜಾಗ ಇರುತ್ತದಲ್ಲ, ಹಳೆಯ ಗೋಡೆ ಒಡೆದು ಆ ಜಾಗವನ್ನೇ ಕೋಣೆ ಮಾಡಿಕೊಂಡರು. ನೋತ್ರ್ ದಾಮ್‌ನಲ್ಲಿ ಈ ಕೆಲಸ 13ನೇ ಶತಮಾನದಲ್ಲೇ ಶುರುವಾಯಿತು. ಆದ್ದರಿಂದ ಪಕ್ಕದ ಚಾಪೆಲ್ ಹಜಾರಕ್ಕಿಂತ ಕಿರಿಯದು ಎಂದು ಮೊದಲೇ ಊಹಿಸಿಕೊಳ್ಳಬಹುದು. ಮೂರನೆಯದು ಶಿಲುಬೆಯ ತೋಳುಗಳ ಪೂರ್ವಗೋಡೆ. ನಾಲ್ಕನೆಯದು ನೆಲಮಾಳಿಗೆ.

ಈ ನಿಯಮಕ್ಕೆ ಅಪವಾದಗಳೂ ಇವೆ, ಅವೇ ಹೆಚ್ಚು ಸ್ವಾರಸ್ಯ. ಇಂಗ್ಲೆಂಡಿನ ಡರಮ್‌ನಲ್ಲಿ ಮರಿಯಳ ಚಾಪೆಲ್ ಪೂರ್ವಕ್ಕಿಲ್ಲ. 1170ರ ದಶಕದಲ್ಲಿ ಅದನ್ನು ಪಶ್ಚಿಮದ ತುದಿಯಲ್ಲಿ ಕಟ್ಟಿದರು. ಹಜಾರದ ಪಶ್ಚಿಮ ಭಾಗದ ನೆಲದಲ್ಲಿ ಕಪ್ಪು ಕಲ್ಲಿನ ಒಂದು ಗೆರೆ ಇದೆ, ಮಠದ ಕಾಲದಲ್ಲಿ ಹೆಂಗಸರು ಅದನ್ನು ದಾಟುವಂತಿರಲಿಲ್ಲ. ಗೆರೆಯ ಈಚೆಗಿದ್ದ ಚಾಪೆಲ್ ಅವರ ಪಾಲಿಗೆ ಉಳಿಯಿತು. ಆ ಗೆರೆ ನೋಡದೆ ಚಾಪೆಲ್ ಮಾತ್ರ ನೋಡಿದರೆ ಅರ್ಧ ಕಥೆ ಕೈತಪ್ಪಿದಂತೆ.

ಹೊತ್ತು, ದಿನ, ಸಾಮಾನು

ಬೆಳಕಿನ ಲೆಕ್ಕ ಸರಳ. ಪೂರ್ವದ ಚಾಪೆಲ್‌ಗಳಿಗೆ ಬೆಳಗ್ಗೆ, ದಕ್ಷಿಣದವಕ್ಕೆ ನಡುಹಗಲು ಹೋಗಿ. ಯುರೋಪಿನಲ್ಲಿ ಉತ್ತರದ ಗೋಡೆಗೆ ನೇರ ಬಿಸಿಲು ತಾಕುವುದು ತೀರಾ ಕಡಿಮೆ. ಅಲ್ಲಿನ ಬೆಳಕು ದಿನವಿಡೀ ಹೆಚ್ಚುಕಡಿಮೆ ಒಂದೇ ಸಮ, ಹಾಗಾಗಿ ಉತ್ತರದ ಚಾಪೆಲ್‌ಗಳನ್ನು ಕೊನೆಗೆ ಇಟ್ಟುಕೊಳ್ಳಬಹುದು. ಮೋಡದ ದಿನವೆಂದು ಬೇಸರ ಬೇಡ. ನೀಲಿ ಗಾಜು ಮಂದ ಬೆಳಕಿನಲ್ಲೇ ಚೆನ್ನಾಗಿ ಕಾಣುತ್ತದೆ.

ಭಾನುವಾರ ಬೆಳಗ್ಗೆ ಬಲಿಪೂಜೆಗಳು ಒಂದರ ಹಿಂದೊಂದು ಇರುವುದರಿಂದ ಚಾಪೆಲ್ ನೋಡಲು ಆಗುವುದಿಲ್ಲ. ವಾರದ ದಿನ, ಬಾಗಿಲು ತೆರೆದ ಮೊದಲ ಗಂಟೆ ಎಲ್ಲಕ್ಕಿಂತ ಒಳ್ಳೆಯದು. ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದ ಕೊನೆಯ ಎರಡು ವಾರಗಳಲ್ಲಿ ಅನೇಕ ಕಡೆ ಶಿಲುಬೆಗಳನ್ನೂ ಪ್ರತಿಮೆಗಳನ್ನೂ ನೇರಳೆ ಬಟ್ಟೆಯಿಂದ ಮುಚ್ಚುತ್ತಾರೆ. ಪವಿತ್ರ ಗುರುವಾರದ ಸಂಜೆ ಬಲಿಪೀಠಗಳ ಮೇಲಿನ ವಸ್ತ್ರಗಳನ್ನೂ ತೆಗೆದುಬಿಡುತ್ತಾರೆ, ಮತ್ತು ಪರಮಪ್ರಸಾದವನ್ನು (ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿ) ಹೆಚ್ಚಾಗಿ ಒಂದು ಪಕ್ಕದ ಚಾಪೆಲ್‌ಗೆ ಒಯ್ಯುತ್ತಾರೆ. ಕಲೆ ನೋಡಲು ಹೋದವರಿಗೆ ಅದು ಕೆಟ್ಟ ವಾರ, ಚಾಪೆಲ್ ಹೇಗೆ ಬಳಕೆಯಾಗುತ್ತದೆ ಎಂದು ನೋಡಬಯಸುವವರಿಗೆ ಒಳ್ಳೆಯ ವಾರ. ಇನ್ನೊಂದು ಉಪಾಯವಿದೆ: ಚಾಪೆಲ್ ಯಾವ ಸಂತರ ಹೆಸರಿನಲ್ಲಿದೆಯೋ ಅವರ ಹಬ್ಬದ ದಿನ ಹೋಗುವುದು. ವರ್ಷವಿಡೀ ಬೀಗ ಹಾಕಿದ ಜಾಲಿಬಾಗಿಲು ಅವತ್ತು ತೆರೆದಿರುವ ಸಾಧ್ಯತೆ ಹೆಚ್ಚು.

ಕೈಯಲ್ಲಿ ಇರಬೇಕಾದವು ಕೆಲವೇ. ಒಂದು ದುರ್ಬೀನು: 8 ಪಟ್ಟು ದೊಡ್ಡದಾಗಿಸುವಂಥದ್ದು. ಜೇಬಿಗೆ 8×25 ಹಗುರ, ಆದರೆ ಕತ್ತಲ ಚಾಪೆಲ್‌ಗೆ 8×32 ಮೇಲು. ಎರಡನೆಯ ಅಂಕಿ ಮುಂದಿನ ಗಾಜಿನ ಅಗಲ, ಮಿಲಿಮೀಟರ್‌ಗಳಲ್ಲಿ. ಅದನ್ನು 8ರಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಬಿಯ ಅಗಲ ಸಿಗುತ್ತದೆ. ಮೊದಲನೆಯದಕ್ಕೆ ಅದು ಸುಮಾರು 3 ಮಿಲಿಮೀಟರ್, ಎರಡನೆಯದಕ್ಕೆ 4. ಚಾಪೆಲ್ ಚಿಕ್ಕದಾದ್ದರಿಂದ ಎರಡು ಮೀಟರ್ ದೂರದ ವಸ್ತುವೂ ಸ್ಪಷ್ಟವಾಗಿ ಕಾಣುವಂತಿರಬೇಕು. ಕೊಳ್ಳುವಾಗ ಇದನ್ನು ಪರೀಕ್ಷಿಸದವರು ಆಮೇಲೆ ಹಿಂದಕ್ಕೆ ಸರಿಯುತ್ತಾ ಸರಿಯುತ್ತಾ ಜಾಲಿಗೆ ಬೆನ್ನು ತಾಗಿಸಿ ನಿಲ್ಲುತ್ತಾರೆ. ಜೊತೆಗೆ ಪೆನ್ಸಿಲ್, ಪುಟ್ಟ ನೋಟ್‌ಬುಕ್, ಚಿಲ್ಲರೆ ನಾಣ್ಯ, ಮೆತ್ತನೆಯ ಅಟ್ಟೆಯ ಚಪ್ಪಲಿ ಅಥವಾ ಶೂ, ಭುಜ ಮತ್ತು ಮಂಡಿ ಮುಚ್ಚುವ ಬಟ್ಟೆ. ದೊಡ್ಡ ಬ್ಯಾಗ್ ಬೇಡ. ಬಾಗಿಲಲ್ಲಿ ತಪಾಸಣೆ ಇರುವ ಕಡೆ ಅದನ್ನು ಒಳಗೂ ಬಿಡದೆ ಇಟ್ಟುಕೊಳ್ಳಲೂ ಒಪ್ಪದೆ ಇರಬಹುದು.

ಮೊದಲ ಸುತ್ತು: ನಿಲ್ಲದೆ

ಒಳಗೆ ಹೋದ ಕೂಡಲೇ ನಡೆಯಬೇಡಿ. ಬಿಸಿಲಿನಿಂದ ಬಂದ ಕಣ್ಣಿಗೆ ಹೊಂದಿಕೊಳ್ಳಲು ಐದರಿಂದ ಹತ್ತು ನಿಮಿಷ ಬೇಕು. ಬೆಂಚಿನಲ್ಲಿ ಕುಳಿತು ನಕ್ಷೆಯನ್ನು ಕಟ್ಟಡಕ್ಕೆ ತಾಳೆ ಹಾಕಿ. ಆ ಹೊತ್ತಿನಲ್ಲೇ ಎಲ್ಲಿ ಪ್ರಾರ್ಥನೆ ನಡೆಯುತ್ತಿದೆ, ಯಾವ ಭಾಗಕ್ಕೆ ಹಗ್ಗ ಕಟ್ಟಿದ್ದಾರೆ ಎಂಬುದೂ ಗೊತ್ತಾಗುತ್ತದೆ.

ಆಮೇಲೆ ಒಂದು ಪಕ್ಕದಿಂದ ಹೊರಟು, ಪೂರ್ವದ ಸುತ್ತುದಾರಿ ಬಳಸಿ, ಇನ್ನೊಂದು ಪಕ್ಕದಿಂದ ವಾಪಸ್ ಬನ್ನಿ. ಎಡದಿಂದಲೋ ಬಲದಿಂದಲೋ ಎಂಬುದಕ್ಕೆ ಶಾಸ್ತ್ರವೇನೂ ಇಲ್ಲ. ಬಾಣದ ಗುರುತು ಇದ್ದರೆ ಅದನ್ನೇ ಹಿಡಿಯಿರಿ. ಪ್ರತಿ ಚಾಪೆಲ್ ಮುಂದೆ ಅರ್ಧ ನಿಮಿಷ ಸಾಕು. ನೋಟ್‌ಬುಕ್‌ನಲ್ಲಿ ಮೂರು ಗುರುತು ಹಾಕಿ: ಬಾಗಿಲು ತೆರೆದಿದೆಯೇ, ಈಗ ಬೆಳಕಿದೆಯೇ, ಮರಳಿ ಬರಬೇಕೇ. ಮೂವತ್ತು ಚಾಪೆಲ್ ಇದ್ದರೂ ಇಪ್ಪತ್ತೈದು ನಿಮಿಷದೊಳಗೆ ಮುಗಿಯುತ್ತದೆ.

ಆರಿಸುವಾಗ ಪ್ರಸಿದ್ಧವಾದ ಒಂದೆರಡರ ಜೊತೆ ಯಾರೂ ನಿಲ್ಲದ ಒಂದನ್ನು ಸೇರಿಸಿಕೊಳ್ಳಿ. ಬೇರೆ ಬೇರೆ ಕಾಲದವು ಇದ್ದರೆ ಇನ್ನೂ ಒಳ್ಳೆಯದು. ಸ್ಪೇನಿನ ಪಾಲ್ಮಾ ಕೆಥೆಡ್ರಲ್‌ನಲ್ಲಿ ಮಧ್ಯಯುಗದ ಗೋಡೆಗಳೊಳಗೆ ಮಿಕೆಲ್ ಬಾರ್ಸೆಲೋ ಎಂಬ ಕಲಾವಿದ ಸುಟ್ಟ ಮಣ್ಣಿನಿಂದ ರೂಪಿಸಿದ ಚಾಪೆಲ್ 2007ರಲ್ಲಿ ತೆರೆಯಿತು. ಹಳೆಯ ಕೆಥೆಡ್ರಲ್ ಎಂದರೆ ಒಳಗಿರುವುದೆಲ್ಲ ಹಳೆಯದಲ್ಲ.

ಎರಡನೆಯ ಸುತ್ತು: ಒಂದು ಚಾಪೆಲ್ ಓದುವ ಕ್ರಮ

ಹೊಸ್ತಿಲಿನಿಂದ ಶುರುಮಾಡಿ. ಜಾಲಿಬಾಗಿಲಿನ ತುದಿಯಲ್ಲಿ ವಂಶಲಾಂಛನವೋ ಅಕ್ಷರಗಳೋ ಇರುತ್ತವೆ. ಬಹಳ ಸಲ ಮಾಲೀಕರ ಮೊದಲ ಸುಳಿವು ಅಲ್ಲೇ ಸಿಗುತ್ತದೆ. ಸ್ಪೇನಿನ ಕೆಥೆಡ್ರಲ್‌ಗಳಲ್ಲಿ ಈ ಕಬ್ಬಿಣದ ಜಾಲಿಗಳೇ ದೊಡ್ಡ ಕಲಾಕೃತಿಗಳು. ಒಳಗೆ ಹೋಗುವ ಆತುರದಲ್ಲಿ ಅವನ್ನು ದಾಟಿಬಿಡುವುದು ಎಲ್ಲರೂ ಮಾಡುವ ತಪ್ಪು.

ಎರಡನೆಯದಾಗಿ ಬಲಿಪೀಠ. ಚಾಪೆಲ್ ಇರುವುದೇ ಅದಕ್ಕಾಗಿ. ಹಿಂದೆ ಪ್ರತಿ ಗುರುವೂ (ಪಾದ್ರಿ) ಬೇರೆ ಬೇರೆಯಾಗಿ ಬಲಿಪೂಜೆ ಅರ್ಪಿಸುವುದು ರೂಢಿಯಾಗಿತ್ತು. ಹಲವರು ಕೂಡಿ ಅರ್ಪಿಸುವ ಪದ್ಧತಿ ಪಶ್ಚಿಮದ (ಕ್ಯಾಥೊಲಿಕ್) ಚರ್ಚಿನಲ್ಲಿ ಮತ್ತೆ ಬಳಕೆಗೆ ಬಂದದ್ದು 1962-65ರ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ. ಗುರುಗಳು ಹೆಚ್ಚಿದಂತೆ ಬಲಿಪೀಠಗಳೂ ಹೆಚ್ಚಿದವು. ಡರಮ್‌ನ ಪೂರ್ವತುದಿಯ ಚಾಪೆಲ್‌ಗೆ ಒಂಬತ್ತು ಬಲಿಪೀಠಗಳ ಚಾಪೆಲ್ ಎಂದೇ ಹೆಸರು.

ಬಲಿಪೀಠ ಈಗ ಇಲ್ಲದಿದ್ದರೂ ಅದಿದ್ದ ಜಾಗವನ್ನು ಕಂಡುಹಿಡಿಯಬಹುದು. ಬಲಗಡೆಯ ಗೋಡೆಯಲ್ಲಿ ತೂತಿರುವ ಪುಟ್ಟ ಕಲ್ಲಿನ ತೊಟ್ಟಿ ಕಂಡರೆ ಅದು ಪೂಜಾಪಾತ್ರೆ ಮತ್ತು ಕೈ ತೊಳೆದ ನೀರು ಹರಿದುಹೋಗಲು ಮಾಡಿದ್ದು. ಅದರ ಪಕ್ಕದಲ್ಲಿ ಬಲಿಪೀಠ ಇದ್ದೇ ಇತ್ತು. ನೆಲದ ಒಂದು ಚಪ್ಪಡಿಯಲ್ಲಿ ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು, ಹೀಗೆ ಐದು ಶಿಲುಬೆ ಕೆತ್ತಿದ್ದರೆ ಅದು ಬಲಿಪೀಠದ ಮೇಲ್ಗಲ್ಲು. ಪ್ರಾಟೆಸ್ಟೆಂಟ್ ಧರ್ಮಸುಧಾರಣೆ ನಡೆಯುತ್ತಿದ್ದ ಇಂಗ್ಲೆಂಡಿನಲ್ಲಿ 1550ರಲ್ಲಿ ಕಲ್ಲಿನ ಬಲಿಪೀಠಗಳನ್ನು ತೆಗೆದು ಮರದ ಮೇಜು ಇಡಬೇಕೆಂಬ ಆಜ್ಞೆ ಹೊರಟಿತು. ಕಿತ್ತ ಕಲ್ಲುಗಳಲ್ಲಿ ಕೆಲವು ನೆಲಹಾಸಾದವು. ಗೋಡೆಯಲ್ಲಿ ಓರೆಯಾಗಿ ಕೊರೆದ ಕಂಡಿ ಇದ್ದರೆ ಅದರಲ್ಲಿ ಕಣ್ಣಿಟ್ಟು ನೋಡಿ, ಸಾಮಾನ್ಯವಾಗಿ ಇನ್ನೊಂದು ಬಲಿಪೀಠ ಕಾಣಿಸುತ್ತದೆ. ಅಲ್ಲಿ ರೊಟ್ಟಿಯನ್ನು ಮೇಲೆತ್ತುವ ಕ್ಷಣ ಇಲ್ಲಿದ್ದವರಿಗೂ ಕಾಣಲೆಂದು ಮಾಡಿದ ಏರ್ಪಾಡು ಅದು.

ಮೂರನೆಯದು ಬಲಿಪೀಠದ ಹಿಂದಿನ ಚಿತ್ರ ಅಥವಾ ಕೆತ್ತನೆ. ಮೊದಲು ನಡುವಿನ ಸಂತರನ್ನು ಗುರುತಿಸಿ. ಮುಖ ನೋಡಿ ಪ್ರಯೋಜನವಿಲ್ಲ, ಕೈಯಲ್ಲಿರುವುದನ್ನು ನೋಡಬೇಕು. ಬೀಗದಕೈ ಇದ್ದರೆ ಪೇತ್ರ, ಖಡ್ಗ ಮತ್ತು ಪುಸ್ತಕ ಇದ್ದರೆ ಪೌಲ. ಮುರಿದ ಗಾಲಿ ಕ್ಯಾಥರೀನ್‌ಳದ್ದು, ಗೋಪುರ ಬಾರ್ಬರಾಳದ್ದು, ತಟ್ಟೆಯಲ್ಲಿ ಎರಡು ಕಣ್ಣು ಲೂಸಿಯದ್ದು, ಪರಿಮಳತೈಲದ ಭರಣಿ ಮಗ್ದಲದ ಮರಿಯಳದ್ದು. ಕಬ್ಬಿಣದ ಸುಡುಜಾಲರಿ ಹಿಡಿದವನು ಲಾರೆನ್ಸ್. ಟೋಪಿಯಲ್ಲಿ ಚಿಪ್ಪು ಇರುವವನು ಯಾಕೋಬ. ತೊಡೆಯ ಹುಣ್ಣು ತೋರಿಸುತ್ತಾ ನಾಯಿಯ ಜೊತೆ ನಿಂತವನು ರೋಕ್. ರೋಕ್ ಮತ್ತು ಬಾಣ ಚುಚ್ಚಿದ ಸೆಬಾಸ್ಟಿಯನ್ ಇಬ್ಬರೂ ಪ್ಲೇಗಿನಿಂದ ಕಾಯುವವರೆಂಬ ನಂಬಿಕೆ ಇತ್ತು. ಇಬ್ಬರೂ ಒಟ್ಟಿಗೆ ಇದ್ದರೆ ಊರು ಪ್ಲೇಗಿಗೆ ಹೆದರಿದ ಕಾಲದ ಚಾಪೆಲ್ ಇರಬಹುದೆಂದು ಊಹಿಸಿ, ಇಸವಿ ಹುಡುಕಿ.

ಚಿತ್ರದ ಕೆಳಮೂಲೆಗಳಲ್ಲಿ ಮಂಡಿಯೂರಿದ, ಸಂತರಿಗಿಂತ ಹೆಚ್ಚಾಗಿ ಚಿಕ್ಕದಾದ ಮನುಷ್ಯರು ಇದ್ದರೆ ಅವರೇ ಹಣ ಕೊಟ್ಟವರು. ದಂಪತಿಯಾದರೆ ನಮ್ಮ ಎಡಕ್ಕೆ ಗಂಡ, ಬಲಕ್ಕೆ ಹೆಂಡತಿ ಇರುವುದು ಸಾಮಾನ್ಯ ಕ್ರಮ.

ಇಲ್ಲಿ ಒಂದು ಎಚ್ಚರಿಕೆ. ಚಿತ್ರ ಆ ಚಾಪೆಲ್‌ಗಾಗಿಯೇ ಬರೆದದ್ದು ಎಂದುಕೊಳ್ಳಬೇಡಿ. ಕಲೋನ್‌ನ ಮರಿಯಳ ಚಾಪೆಲ್‌ನಲ್ಲಿರುವ ಸ್ಟೆಫಾನ್ ಲೋಕ್ನರ್‌ನ ದೊಡ್ಡ ಬಲಿಪೀಠಚಿತ್ರ 1440ರ ದಶಕದಲ್ಲಿ ನಗರಸಭೆಯ ಚಾಪೆಲ್‌ಗಾಗಿ ಮಾಡಿದ್ದು, ಕೆಥೆಡ್ರಲ್‌ಗೆ ಬಂದದ್ದು 19ನೇ ಶತಮಾನದ ಆದಿಯಲ್ಲಿ. ಸ್ಪೇನಿನ ಸೆವಿಲ್ಲೆಯ ಸಂತ ಅಂತೋಣಿ ಚಾಪೆಲ್‌ನಲ್ಲಿ ಮುರಿಲ್ಯೊ ಎಂಬ ಕಲಾವಿದ ಬರೆದ ಚಿತ್ರ (1656) ತನ್ನ ಜಾಗದಲ್ಲೇ ಇದೆ, ಆದರೆ 1874ರಲ್ಲಿ ಕಳ್ಳರು ಸಂತನ ಆಕೃತಿಯನ್ನಷ್ಟೇ ಕತ್ತರಿಸಿ ಒಯ್ದರು. ಅದು ನ್ಯೂಯಾರ್ಕ್‌ನಲ್ಲಿ ಸಿಕ್ಕಿ, ಮರಳಿ ಬಂದು ಮೊದಲಿನ ಚಿತ್ರಕ್ಕೆ ಜೋಡಣೆಯಾಯಿತು. ಚೌಕಟ್ಟು ಗೋಡೆಗೆ ಸರಿಯಾಗಿ ಕೂತಿದೆಯೇ, ಚಿತ್ರದ ಸಂತರೂ ಚಾಪೆಲ್‌ನ ಹೆಸರೂ ಹೊಂದುತ್ತವೆಯೇ ಎಂದು ನೋಡಿದರೆ ಬಹಳಷ್ಟು ಸ್ಥಳಾಂತರಗಳು ತಾವಾಗಿ ಗೊತ್ತಾಗುತ್ತವೆ.

ನಾಲ್ಕನೆಯದು ಗೋರಿ. ಮಲಗಿದ ಕಲ್ಲಿನ ಮೂರ್ತಿಯ ಉಡುಪು ನೋಡಿ: ಎತ್ತರದ ಮೊನೆಟೋಪಿ ಇದ್ದರೆ ಧರ್ಮಾಧ್ಯಕ್ಷ ಅಥವಾ ಮಠಾಧಿಪತಿ, ಕವಚ ಇದ್ದರೆ ಯೋಧ. ಬರಹ ಸಾಧಾರಣವಾಗಿ ಲ್ಯಾಟಿನ್‌ನಲ್ಲಿ, ಇಸವಿ ರೋಮನ್ ಅಂಕಿಗಳಲ್ಲಿ ಇರುತ್ತದೆ. ಎಂ 1000, ಡಿ 500, ಸಿ 100, ಎಲ್ 50, ಎಕ್ಸ್ 10, ವಿ 5, ಐ 1 ಎಂಬಷ್ಟು ನೆನಪಿದ್ದರೆ ಓದಬಹುದು. ಇಂಗ್ಲೆಂಡಿನ ವಿಂಚೆಸ್ಟರ್‌ನಲ್ಲಿ ಧರ್ಮಾಧ್ಯಕ್ಷರ ಗೋರಿಯ ಸುತ್ತಲೇ ಕಲ್ಲಿನ ಪಂಜರದಂತೆ ಕಟ್ಟಿದ ಪುಟ್ಟ ಚಾಪೆಲ್‌ಗಳಿವೆ. ಸತ್ತವರ ಆತ್ಮಕ್ಕಾಗಿ ನಿತ್ಯ ಬಲಿಪೂಜೆ ನಡೆಯಲೆಂದು ಆಸ್ತಿ ಬಿಟ್ಟು ಕಟ್ಟಿಸಿದವು ಅವು. 1547ರ ಕಾನೂನು ಇಂಥ ದತ್ತಿಗಳನ್ನೆಲ್ಲ ರದ್ದು ಮಾಡಿತು. ಪೂಜೆ ನಿಂತಿತು, ಪಂಜರ ಉಳಿಯಿತು.

ಕೊನೆಗೆ ತಲೆಯೆತ್ತಿ. ಕಮಾನುಗಳು ಕೂಡುವ ಕಡೆಯ ಕಲ್ಲಿನ ಗುಬುಟಿನಲ್ಲಿ ಮತ್ತೆ ವಂಶಲಾಂಛನ ಸಿಗಬಹುದು. ಜಾಲಿಯ ಮೇಲೆ ಕಂಡದ್ದೂ ಇದೂ ಒಂದೇ ಆಗಿದ್ದರೆ ಒಬ್ಬರದೇ ಹಣ, ಬೇರೆಯಾದರೆ ಚಾಪೆಲ್ ಕೈ ಬದಲಾಗಿರಬಹುದು. ಸ್ಪೇನಿನ ಬುರ್ಗೋಸ್‌ನ ಕೊಂದೆಸ್ತಾಬ್ಲೆ ಚಾಪೆಲ್‌ನಲ್ಲಿ (ಆರಂಭ 1482) ಛಾವಣಿಯ ನಡುವೆ ನಕ್ಷತ್ರದಾಕಾರವನ್ನು ಕೊರೆದು ಬೆಳಕು ಬಿಟ್ಟಿದ್ದಾರೆ. ಅಲ್ಲಿ ಮಾತ್ರ ಈ ಕ್ರಮವನ್ನು ತಲೆಕೆಳಗು ಮಾಡಿ ಛಾವಣಿಯಿಂದಲೇ ಶುರುಮಾಡಬಹುದು.

ಬಣ್ಣದ ಗಾಜು, ಬಣ್ಣದ ಗೋಡೆ

ಮಧ್ಯಯುಗದ ಕಥಾಕಿಟಕಿಯನ್ನು ಹೆಚ್ಚಾಗಿ ಕೆಳಗಿನಿಂದ ಮೇಲಕ್ಕೆ, ಪ್ರತಿ ಸಾಲನ್ನು ಎಡದಿಂದ ಬಲಕ್ಕೆ ಓದಬೇಕು. ಪುಟ ಓದುವಂತೆ ಮೇಲಿನಿಂದ ಶುರುಮಾಡಿದವರಿಗೆ ಕಥೆ ಹಿಂದುಮುಂದಾಗುತ್ತದೆ. ಫ್ರಾನ್ಸಿನ ಶಾರ್ತ್ರ್ ಕೆಥೆಡ್ರಲ್‌ನ ಹಲವು ಕಿಟಕಿಗಳ ಕೆಳಸಾಲಿನಲ್ಲಿ ರೊಟ್ಟಿ ಮಾರುವವರು, ಚರ್ಮದ ವ್ಯಾಪಾರಿಗಳು, ಬಡಗಿಗಳು ತಮ್ಮ ಕೆಲಸದಲ್ಲಿ ತೊಡಗಿರುವುದು ಕಾಣುತ್ತದೆ. ದುರ್ಬೀನು ಮೊದಲು ಅಲ್ಲಿಗೆ ತಿರುಗಲಿ.

ಗೋಡೆಯ ಬಣ್ಣ ತಾಜಾ ಎನಿಸಿದರೆ ಅದು 19ನೇ ಶತಮಾನದ್ದು ಎಂದು ಮೊದಲು ಶಂಕಿಸಿ. ನೋತ್ರ್ ದಾಮ್‌ನ ಚಾಪೆಲ್‌ಗಳ ಗೋಡೆಚಿತ್ರಗಳು ವಾಸ್ತುಶಿಲ್ಪಿ ವಿಯೋಲೆ-ಲ್-ದ್ಯುಕ್ ಕಾಲದವು. 2019ರ ಬೆಂಕಿಯ ನಂತರ ಶುಚಿಯಾಗಿ, 2024ರ ಡಿಸೆಂಬರಿನಲ್ಲಿ ಕೆಥೆಡ್ರಲ್ ಮತ್ತೆ ತೆರೆದಾಗ ಹೊಳೆಯತೊಡಗಿದವು. ಇದಕ್ಕೆ ಎದುರು ಉದಾಹರಣೆ ಇಂಗ್ಲೆಂಡಿನ ಈಲಿ. ಅಲ್ಲಿನ ಲೇಡಿ ಚಾಪೆಲ್ (ಮುಗಿದದ್ದು 1349) ಒಂದು ಕಾಲಕ್ಕೆ ಬಣ್ಣಬಣ್ಣದ್ದಾಗಿತ್ತು, ಈಗ ಬರೀ ಬೆಳ್ಳನೆಯ ಕಲ್ಲು. ಗೋಡೆಯ ಸಾಲುಸಾಲು ಪುಟ್ಟ ಮೂರ್ತಿಗಳಿಗೆ ತಲೆಯೇ ಇಲ್ಲ, ಧರ್ಮಸುಧಾರಣೆಯ ಕಾಲದಲ್ಲಿ ಒಡೆದುಹಾಕಿದರು. ಹತ್ತಿರ ಹೋಗಿ ಮಡಿಕೆಗಳ ಸಂದು ನೋಡಿದರೆ ಹಳೆಯ ಬಣ್ಣದ ಚೂರು ಅಲ್ಲಲ್ಲಿ ಸಿಗುತ್ತದೆ.

ಇಟಲಿಯಲ್ಲಿ ಅನೇಕ ಚಾಪೆಲ್‌ಗಳ ದೀಪಕ್ಕೆ ನಾಣ್ಯ ಹಾಕುವ ಪೆಟ್ಟಿಗೆ ಇರುತ್ತದೆ. ಬೆಳಕು ಕೆಲವೇ ನಿಮಿಷ. ಆದ್ದರಿಂದ ಮೊದಲು ನಿಲ್ಲುವ ಜಾಗ ಆರಿಸಿ, ದುರ್ಬೀನು ಹೊಂದಿಸಿ, ಏನು ನೋಡಬೇಕೆಂದು ತೀರ್ಮಾನಿಸಿ, ಆಮೇಲೆ ನಾಣ್ಯ ಹಾಕಿ. ಯಾರೋ ಹಾಕುತ್ತಾರೆಂದು ಕತ್ತಲಲ್ಲಿ ಕಾಯುತ್ತಾ ನಿಲ್ಲುವ ಗುಂಪು ಎಲ್ಲ ಕಡೆಯೂ ಇರುತ್ತದೆ! ಮೊಬೈಲ್ ಟಾರ್ಚ್ ಬೇಡ. ವಾರ್ನಿಷ್ ಹಚ್ಚಿದ ಚಿತ್ರದ ಮೇಲೆ ಅದು ಬಿಳಿ ಮಚ್ಚೆಯಾಗಿ ಪ್ರತಿಫಲಿಸುವುದಲ್ಲದೆ, ಪಕ್ಕದವರ ಕತ್ತಲಿಗೆ ಹೊಂದಿಕೊಂಡ ಕಣ್ಣನ್ನೂ ಕೆಡಿಸುತ್ತದೆ. ಹೊಳಪು ಅಡ್ಡಬಂದರೆ ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಓರೆಯಿಂದ ನೋಡಿ. ಫೋಟೊಗೆ ಅನುಮತಿ ಇದ್ದರೂ ಫ್ಲ್ಯಾಷ್ ಮತ್ತು ಟ್ರೈಪಾಡ್ ಸಾಮಾನ್ಯವಾಗಿ ನಿಷಿದ್ಧ. ಕಂಬಕ್ಕೆ ಭುಜ ಆನಿಸಿ ಉಸಿರು ಹಿಡಿದು ತೆಗೆಯಬಹುದು, ಆದರೆ ಬಣ್ಣ ಬಳಿದ ಗೋಡೆಗೆ ಒರಗಬಾರದು.

ಹೋಗಬಾರದ ಚಾಪೆಲ್, ಹೋಗಲು ದಾರಿ ಬೇರೆಯಿರುವ ಚಾಪೆಲ್

ಕ್ಯಾಥೊಲಿಕ್ ಕೆಥೆಡ್ರಲ್‌ಗಳಲ್ಲಿ ಒಂದು ಚಾಪೆಲ್ ಪರಮಪ್ರಸಾದಕ್ಕೆ ಮೀಸಲಾಗಿರಬಹುದು. ಉರಿಯುತ್ತಿರುವ ದೀಪ, ಹೆಚ್ಚಾಗಿ ಕೆಂಪು ಗಾಜಿನದು, ಅದರ ಗುರುತು. ಅಲ್ಲಿ ಕ್ಯಾಮೆರಾ, ದುರ್ಬೀನು, ಪಿಸುಮಾತು ಯಾವುದೂ ಬೇಡ. ಕುಳಿತು ಸುಮ್ಮನಿರುವುದಾದರೆ ಎಲ್ಲರಿಗೂ ಜಾಗವಿದೆ. ಪಾಪನಿವೇದನೆಯ ಗೂಡಿನ ಬಳಿ ಸಾಲು ಇದ್ದರೆ ಮಾತು ಕೇಳಿಸದಷ್ಟು ದೂರ ಸರಿಯಿರಿ. ಮೇಣದಬತ್ತಿ ಹಚ್ಚುವುದಾದರೆ ಪೆಟ್ಟಿಗೆಗೆ ಕಾಣಿಕೆ ಹಾಕಿ, ಉರಿಯುವ ಬತ್ತಿಯಿಂದ ಬೆಂಕಿ ತೆಗೆದುಕೊಳ್ಳಿ. ಜಾಗ ಬೇಕೆಂದು ಇನ್ನೊಬ್ಬರ ಬತ್ತಿ ಆರಿಸಬೇಡಿ.

ಕೆಲವು ಚಾಪೆಲ್‌ಗಳು ಕೆಥೆಡ್ರಲ್ ಒಳಗಿದ್ದೂ ಕೆಥೆಡ್ರಲ್‌ನದ್ದಲ್ಲ. ಇಟಲಿಯ ನೇಪಲ್ಸ್‌ನ ಸಂತ ಜೆನ್ನಾರೊ ಚಾಪೆಲ್ 1527ರಲ್ಲಿ ಪ್ಲೇಗಿನ ಸಮಯದಲ್ಲಿ ನಗರ ಹೊತ್ತ ಹರಕೆಯಿಂದ ಹುಟ್ಟಿದ್ದು, ನಗರದ ಪ್ರತಿನಿಧಿ ಮಂಡಳಿಯ ಕೈಯಲ್ಲಿದೆ. ಹೊರಡುವ ಮುನ್ನ ಅದರ ವೇಳೆಯನ್ನು ಬೇರೆಯಾಗಿಯೇ ವಿಚಾರಿಸಬೇಕು. ಇಟಲಿಯದೇ ತುರಿನ್‌ನಲ್ಲಿ ವಾಸ್ತುಶಿಲ್ಪಿ ಗ್ವಾರಿನಿ ಕಟ್ಟಿದ ಪವಿತ್ರ ಶವವಸ್ತ್ರದ (ಯೇಸುವಿನ ದೇಹಕ್ಕೆ ಸುತ್ತಿದ್ದೆಂದು ಹಲವರು ನಂಬುವ ಬಟ್ಟೆ) ಚಾಪೆಲ್ ಕೆಥೆಡ್ರಲ್‌ಗೂ ಅರಮನೆಗೂ ನಡುವೆ ಇದೆ. 1997ರ ಬೆಂಕಿಯಲ್ಲಿ ಹಾಳಾಗಿ 2018ರಲ್ಲಿ ಮರಳಿ ತೆರೆದ ಮೇಲೆ ಅದಕ್ಕೆ ಪ್ರವೇಶ ಅರಮನೆಯ ವಸ್ತುಸಂಗ್ರಹಾಲಯದ ಕಡೆಯಿಂದ. ಕೆಥೆಡ್ರಲ್‌ನಲ್ಲೇ ಬಾಗಿಲು ಹುಡುಕಿದವರು ಬರಿಗೈಲಿ ಮರಳುತ್ತಾರೆ. ಇಟಲಿಯ ಓರ್ವಿಯೆತೊದ ಸಾನ್ ಬ್ರಿಜಿಯೊ ಚಾಪೆಲ್‌ನ ಚಿತ್ರಗಳಿಗೆ ಕಲಾವಿದ ಫ್ರಾ ಆಂಜೆಲಿಕೊ 1447ರಲ್ಲಿ ಕೈಹಚ್ಚಿದ, 1499ರಿಂದ 1504ರವರೆಗೆ ಸಿನ್ಯೊರೆಲ್ಲಿ ಎಂಬ ಇನ್ನೊಬ್ಬ ಮುಗಿಸಿದ. ಒಂದೇ ಚಾಪೆಲ್‌ನಲ್ಲಿ ಎರಡು ತಲೆಮಾರಿನ ಕೈ. ಛಾವಣಿಯಿಂದ ಗೋಡೆಗೆ ಇಳಿಯುತ್ತಾ ನೋಡಿದರೆ ಬದಲಾವಣೆ ತಿಳಿಯುತ್ತದೆ.

ಸ್ಪೇನಿನ ಟೊಲೆಡೊದ ಮೊಜಾರಬಿಕ್ (ಮುಸ್ಲಿಂ ಆಳ್ವಿಕೆಯಲ್ಲಿದ್ದ ಕ್ರೈಸ್ತರ) ಚಾಪೆಲ್ ಪ್ರವಾಸಿಯಾಗಿ ನೋಡುವುದಕ್ಕಿಂತ ಬೆಳಗಿನ ಪೂಜೆಗೆ ಹೋಗಿ ನೋಡಬೇಕಾದದ್ದು. ಕಾರ್ಡಿನಲ್ ಸಿಸ್ನೆರೋಸ್ 1500ರ ಸುಮಾರಿಗೆ ಅದನ್ನು ಸ್ಥಾಪಿಸಿದ್ದೇ ಸ್ಪೇನಿನ ಪ್ರಾಚೀನ ಪೂಜಾಪದ್ಧತಿ ಅಳಿಯದಿರಲೆಂದು. ಆ ಪದ್ಧತಿ ಅಲ್ಲಿ ಇನ್ನೂ ನಡೆಯುತ್ತಿದೆ. ಪೂಜೆ ಶುರುವಾಗುವ ಹತ್ತು ನಿಮಿಷ ಮೊದಲು ಹೋಗಿ ಹಿಂದಿನ ಸಾಲಿನಲ್ಲಿ ಕುಳಿತರೆ, ಮುಗಿಯುವವರೆಗೆ ಏಳುವಂತಿಲ್ಲ ಎಂಬ ಲೆಕ್ಕವೂ ಇರಲಿ.

ನೆಲಮಾಳಿಗೆಯ ಚಾಪೆಲ್‌ಗಳಿಗೆ ಹಲವು ಕಡೆ ಗುಂಪಿನಲ್ಲಿ, ಗೊತ್ತಾದ ವೇಳೆಗೆ ಮಾತ್ರ ಬಿಡುತ್ತಾರೆ. ಒಳಗೆ ಹೋದ ತಕ್ಷಣ ಮೊದಲು ಆ ವೇಳೆ ಕೇಳಿಕೊಂಡು, ಉಳಿದದ್ದನ್ನು ಅದರ ಸುತ್ತ ಜೋಡಿಸಿ. ಮೆಟ್ಟಿಲು ಸವೆದು ನಡುವೆ ತಗ್ಗಾಗಿರುತ್ತದೆ, ಗೋಡೆಯ ಬದಿಗೆ ಹೆಜ್ಜೆ ಇಡಿ.

ಬೀಗ ಹಾಕಿದ ಚಾಪೆಲ್‌ನ ಮುಂದೆ ಸುಮ್ಮನೆ ನಿಲ್ಲುವ ಬದಲು ಉಸ್ತುವಾರಿಯವರನ್ನು ಕೇಳಿ. ‘ಅದನ್ನು ತೆರೆಯುತ್ತೀರಾ’ ಎನ್ನುವುದಕ್ಕಿಂತ ‘ಅಲ್ಲಿನ ಇಂಥ ಗೋರಿಯನ್ನು ನೋಡಬೇಕಿತ್ತು, ಯಾವಾಗ ಬಂದರೆ ಸಾಧ್ಯ’ ಎಂದು ಕೇಳಿದರೆ ಕೆಲಸ ಆಗುವುದು ಹೆಚ್ಚು. ಕೇಳುವುದನ್ನು ಕೊನೆಯ ಗಂಟೆಗೆ ಇಟ್ಟುಕೊಳ್ಳಬೇಡಿ. ಮುಚ್ಚುವ ವೇಳೆ ಎಂದು ಬಾಗಿಲಲ್ಲಿ ಬರೆದಿರುವುದು ಇಡೀ ಕಟ್ಟಡದ್ದು. ಅದಕ್ಕೆ ಅರ್ಧ ಗಂಟೆ ಮೊದಲೇ ಪೂರ್ವದ ಸುತ್ತುದಾರಿಗೆ ಹಗ್ಗ ಬಿದ್ದು, ಒಂದೊಂದೇ ಜಾಲಿಬಾಗಿಲು ಮುಚ್ಚತೊಡಗಬಹುದು.